ಹೊಟ್ಟೆ ತುಂಬುವ ತನಕ

ಲಿನ್ ಸೈಯಿಂಗ್ ಕೆಲಸ ಮಾಡುವ ಊರಿಗೆ ಒಂದು ಒಳ್ಳೆಯ ಹೆಸರಿದೆ. ಹನ್ನೆರಡು ವರ್ಷವಾದರೂ ಅದು ಅವಳ ನಾಲಿಗೆಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಅವಳೊಬ್ಬಳ ಕತೆಯಲ್ಲ ಇದು. ಫುಜೌ ಸೀಮೆಯಿಂದ ಬಂದು ಅಮೆರಿಕದ ಬಫೆ ಹೋಟೆಲುಗಳಲ್ಲಿ ಬೆನ್ನು ಮುರಿಯುವ ಯಾರಿಗೂ ಊರಿನ ಹೆಸರು ಬೇಕಾಗಿಲ್ಲ, ಟೆಲಿಫೋನ್ ನಂಬರಿನ ಮೊದಲ ಮೂರು ಅಂಕಿ ಸಾಕು. "ನಾನು ಏಳು ನಾಲ್ಕು ಸೊನ್ನೇಲಿದೀನಿ. ನಿನ್ ಗಂಡ ಎಲ್ಲಿದಾನೆ?" ಎಂದು ಒಬ್ಬಳು ಕೇಳಿದರೆ, "ಎಂಟು ಐದು ಒಂಬತ್ತು. ಅಲ್ಲಿ ಮನುಷ್ಯರಿಗಿಂತ ಕುದುರೆ ಜಾಸ್ತಿಯಂತೆ ಮಾರಾಯ್ತಿ" ಎಂದು ಇನ್ನೊಬ್ಬಳು ಹೇಳುತ್ತಾಳೆ. ನ್ಯೂಯಾರ್ಕಿನಲ್ಲಿ ಕೆಲಸ ಕೊಡಿಸುವವರ ಅಂಗಡಿಯ ಗೋಡೆಗೆ ಆ ಅಂಕಿಗಳ ಚೀಟಿ ಅಂಟಿಸಿರುತ್ತಾರೆ. ಚೀಟಿ ಹಿಡಿದು ಬಸ್ಸು ಹತ್ತುವುದು, ಇಳಿಸಿದಲ್ಲಿ ಇಳಿಯುವುದು, ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗಿ ಏಪ್ರನ್ ಕಟ್ಟಿಕೊಳ್ಳುವುದು. ಸೈಯಿಂಗ್ ಹಾಗೆ ಬಂದಾಗ ಅವಳಿಗೆ ಹತ್ತೊಂಬತ್ತು.

ಹೋಟೆಲಿಗೂ ಹೆಸರಿದೆ. ಬಾಗಿಲ ಮೇಲೆ ದೀಪದ ಅಕ್ಷರಗಳಲ್ಲಿ ಬರೆದಿದ್ದಾರೆ, ಅದರಲ್ಲಿ ಎರಡು ಅಕ್ಷರ ಉರಿಯುವುದಿಲ್ಲ. ಊರವರಿಗೆ ಅದು ಬರೀ 'ಬಫೆ'. ಮುಚ್ಚಿಹೋದ ಚಪ್ಪಲಿ ಅಂಗಡಿಗೂ ಟೈರ್ ಮಾರುವವನಿಗೂ ನಡುವೆ ಜೀವ ಹಿಡಿದುಕೊಂಡಿರುವುದು ಅದೊಂದೇ. ಭಾನುವಾರ ಚರ್ಚು ಬಿಟ್ಟಿತೆಂದರೆ ಟೈ ಕಟ್ಟಿದ ಗಂಡಸರು, ಮೊಮ್ಮಕ್ಕಳ ಕೈ ಎಳೆದುಕೊಂಡು ಬರುವ ಅಜ್ಜಿಯರು, ಎಲ್ಲರೂ ಹಬೆಯಾಡುವ ಉದ್ದನೆಯ ಟ್ರೇಗಳ ಮುಂದೆ ಸಾಲು ನಿಲ್ಲುತ್ತಾರೆ. ಕಿತ್ತಳೆ ಪಾಕದ ಕೋಳಿ, ಕರಿದ ಮೀನು, ಚೀಸ್ ತುಂಬಿದ ಗರಿಗರಿ ಕಡುಬು, ನೂಡಲ್ಸ್, ಮಕ್ಕಳಿಗೆಂದು ಪಿಜ್ಜಾ, ಕಡೆಗೆ ಗಡಗಡ ನಡುಗುವ ಕೆಂಪು ಜೆಲ್ಲಿ. ಒಮ್ಮೆ ಒಳಗೆ ಬಂದರೆ ಎಷ್ಟು ಸಲ ಬೇಕಾದರೂ ತಟ್ಟೆ ತುಂಬಿಕೊಳ್ಳಬಹುದು, ಯಾರೂ ಸಾಕು ಎನ್ನುವುದಿಲ್ಲ. ಹೊಟ್ಟೆ ತುಂಬಿದರೂ ಕಣ್ಣು ತುಂಬದ ಜನಕ್ಕೆ ಹೇಳಿ ಮಾಡಿಸಿದ ಜಾಗ.

ಕೆಲಸದವರು ಮಾತ್ರ ಆ ಟ್ರೇಗಳಿಂದ ಒಂದು ಚೂರನ್ನೂ ಬಾಯಿಗೆ ಹಾಕುವುದಿಲ್ಲ. ತಡೆಯುವವರು ಯಾರೂ ಇಲ್ಲ. ಅದು ಗಿರಾಕಿಗಳ ಊಟ, ಅಷ್ಟೆ. ಮಧ್ಯಾಹ್ನ ಮೂರಕ್ಕೆ ಜನ ಕರಗಿದ ಮೇಲೆ ಅಡುಗೆಮನೆ ಬಾಗಿಲ ಬಳಿಯ ದುಂಡು ಮೇಜಿಗೆ ಸೇರಿ, ಮೀನಿನುಂಡೆಯ ತಿಳಿಸಾರು, ಹುರಿದ ಸೊಪ್ಪು, ಅನ್ನ ಇಟ್ಟುಕೊಂಡು ತಮ್ಮ ಊಟ ತಾವು ಉಣ್ಣುತ್ತಾರೆ.

ಖಾಲಿಯಾದ ಟ್ರೇ ತುಂಬುವುದು, ಉಂಡೆದ್ದವರ ತಟ್ಟೆ ಎತ್ತುವುದು ಸೈಯಿಂಗಳ ಕೆಲಸ. ಹನ್ನೆರಡು ವರ್ಷ ಎಂಜಲು ತಟ್ಟೆ ಎತ್ತಿದವಳಿಗೆ ಮನುಷ್ಯರ ಗುಟ್ಟೆಲ್ಲ ಗೊತ್ತು. ಡಾಕ್ಟರು ಬೈದು ಕಳಿಸಿದವನು ಮೊದಲ ತಟ್ಟೆಗೆ ಸೊಪ್ಪು ಹಾಕಿಕೊಂಡು ಅದನ್ನು ಹಾಗೆಯೇ ಬಿಟ್ಟು ಎರಡನೆಯ ತಟ್ಟೆಗೆ ಕೋಳಿ ಹಾಕಿಕೊಳ್ಳುತ್ತಾನೆ. ಗಂಡ ಹೆಂಡಿರು ಮಾತು ಬಿಟ್ಟಿದ್ದರೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಎದ್ದು ಹೋಗಿ ಬಡಿಸಿಕೊಳ್ಳುತ್ತಾರೆ. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ವರ್ನಾ ಎಂಬ ಮುದುಕಿ ಗಂಡ ಸತ್ತ ಮೇಲೂ ಆರು ತಿಂಗಳು ಅವನಿಗೆ ಪ್ರಿಯವಾದ ಸೀಗಡಿಯನ್ನೇ ತಂದುಕೊಂಡು ಮುಟ್ಟದೆ ಬಿಡುತ್ತಿದ್ದಳು. ಅವಳು ಮತ್ತೆ ತನಗೆ ಬೇಕಾದ್ದನ್ನು ತಿನ್ನಲು ಶುರುಮಾಡಿದ ದಿನವನ್ನು ಅವಳ ಮಕ್ಕಳಿಗಿಂತ ಮೊದಲು ಗುರುತಿಸಿದವಳು ಸೈಯಿಂಗ್. ತಟ್ಟೆ ನೋಡಿ ಮನಸ್ಸು ಹೇಳುತ್ತೇನೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು. ಇರಲಿ ಬಿಡಿ, ಬಡವರಿಗೆ ಅಷ್ಟಾದರೂ ಹೆಮ್ಮೆ ಬೇಡವೇ?

ಅವಳ ಗಂಡ ಮಿಂಗ್‌ಹುಯಿ ಅದೇ ಅಡುಗೆಮನೆಯಲ್ಲಿ ಬಾಣಲೆ ಹಿಡಿಯುವವನು. ಮಾತು ಕಡಿಮೆ, ಬೆವರು ಜಾಸ್ತಿ. ಮಗಳು ಹುಟ್ಟಿದಾಗ ಸೈಯಿಂಗಳಿಗೆ ಇಪ್ಪತ್ತಾರು. ಕೆಶಿನ್ ಎಂದು ಹೆಸರಿಟ್ಟರು. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಇಬ್ಬರೂ ನಿಂತೇ ಇರುವ ಬದುಕಿನಲ್ಲಿ ಕೂಸನ್ನು ಯಾರು ನೋಡಬೇಕು? ಬಫೆಯವರ ಮನೆಗಳಲ್ಲಿ ಇದಕ್ಕೊಂದು ರೂಢಿಯಿದೆ. ಹಾಲು ಬಿಡಿಸಿ, ಊರಿಗೆ ಹೊರಟ ಯಾರದಾದರೂ ಕೈಗೆ ಕೊಟ್ಟು, ಅಜ್ಜಿಯ ಹತ್ತಿರ ಕಳಿಸುವುದು. ಶಾಲೆಯ ವಯಸ್ಸಿಗೆ ಮತ್ತೆ ಕರೆಸಿಕೊಳ್ಳುವುದು. ಎಲ್ಲರೂ ಹಾಗೆಯೇ ಮಾಡುತ್ತಾರೆ. ಎಲ್ಲರೂ ಮಾಡಿದ್ದು ಕಷ್ಟವಲ್ಲ ಎಂದು ಯಾರು ಹೇಳಿದರೋ ಅವರ ಬಾಯಿಗೆ ಹುಳ ಬೀಳಲಿ.

ನಾಲ್ಕು ತಿಂಗಳ ಕೂಸು ವಿಮಾನದಲ್ಲಿ ಹೋದ ಮರುದಿನವೇ ಸೈಯಿಂಗ್ ಕೆಲಸಕ್ಕೆ ಬಂದಳು. ಮಧ್ಯಾಹ್ನ ಗಿರಾಕಿಗಳ ಮಗುವೊಂದು ಅತ್ತರೆ ಅವಳ ಅಂಗಿ ತೊಯ್ದುಹೋಗುತ್ತಿತ್ತು. ಗಲ್ಲಾದಲ್ಲಿ ಕೂರುವ ಮಾಲಕಿ ಮೂದಾನ್, ಎಲ್ಲರಿಗೂ ಮೂದಾನಕ್ಕ, ಅವಳನ್ನು ತರಕಾರಿ ಇಡುವ ತಣ್ಣನೆಯ ಕೋಣೆಗೆ ಎಳೆದುಕೊಂಡು ಹೋದಳು. ಕೋಸಿನ ಎರಡು ಎಲೆ ಬಿಡಿಸಿ, "ಒಳಗಿಟ್ಕೊಳ್ಳೇ. ಹಾಲು ಬತ್ತುತ್ತೆ. ನಾನೂ ಇದನ್ನೇ ಮಾಡಿದ್ದು. ಅಳೋದಾದ್ರೆ ಇಲ್ಲೇ ಅತ್ಬಿಡು, ಹೊರಗೆ ಬೇಡ" ಎಂದಳು. ಸೈಯಿಂಗ್ ಕೋಸಿನ ಬುಟ್ಟಿಗಳ ನಡುವೆ ನಿಂತು ಅತ್ತಳು. ಆಮೇಲೆ ಹೊರಗೆ ಬಂದು ನೂಡಲ್ಸಿನ ಟ್ರೇ ತುಂಬಿದಳು.

ಐದು ವರ್ಷ ಮಗಳು ಫೋನಿನೊಳಗೆ ಬೆಳೆದಳು. ಮೊದಲ ಹಲ್ಲು, ಮೊದಲ ಹೆಜ್ಜೆ, ಸೀತಾಳೆ ಸಿಡುಬಿನ ಗುಳ್ಳೆ, ಎಲ್ಲವನ್ನೂ ಅಂಗೈಯಗಲದ ಗಾಜಿನಲ್ಲಿ ನೋಡಿದ್ದಾಯಿತು. "ಅಮ್ಮ ಅನ್ನು, ಅಮ್ಮ ಅನ್ನು" ಎಂದು ಮಗುವನ್ನು ಸಾಕುತ್ತಿದ್ದ ಅತ್ತೆ ಹಿಂದಿನಿಂದ ತಿವಿಯುವುದು, ಮಗು ಕ್ಯಾಮೆರಾಕ್ಕೆ ಮೂಗು ಒತ್ತಿ ಓಡಿಹೋಗುವುದು. ಒಮ್ಮೆಯೂ ಅಂದಿರಲಿಲ್ಲ. 'ಬರಲಿ, ಎದುರಿಗೆ ಬಂದರೆ ತಾನಾಗಿ ಬರುತ್ತದೆ' ಎಂದು ಸೈಯಿಂಗ್ ಸಮಾಧಾನ ಮಾಡಿಕೊಂಡಿದ್ದಳು. ಆ ಒಂದು ಮಾತಿಗಾಗಿ ಅವಳು ಕಾದಿದ್ದಳು ಎಂದರೆ ಹೆಚ್ಚಲ್ಲ.

ಜೂನ್ ತಿಂಗಳಲ್ಲಿ ಕೆಶಿನ್ ಬಂದಳು. ಊರಿನವಳೊಬ್ಬಳು ಕರೆತಂದು ವಿಮಾನ ನಿಲ್ದಾಣದಲ್ಲಿ ಒಪ್ಪಿಸಿದಳು. ಐದೂವರೆ ವರ್ಷದ ಹುಡುಗಿ, ಎರಡು ಜಡೆ, ಅಜ್ಜಿ ಹೆಣೆದ ಸ್ವೆಟರು ಸೆಖೆಯಲ್ಲೂ ಮೈಮೇಲೆ. ಸೈಯಿಂಗ್ ಮಂಡಿಯೂರಿ ತಬ್ಬಿಕೊಂಡರೆ ಹುಡುಗಿ ಕೈ ಕೆಳಗೆ ಬಿಟ್ಟುಕೊಂಡು ನಿಂತಳು. ಕೊನೆಗೆ, "ಫೋನಲ್ಲಿ ನೀನು ಇಷ್ಟು ದೊಡ್ಡವಳಿರ್ಲಿಲ್ಲ" ಎಂದಳು. ಸೈಯಿಂಗ್ ನಗುತ್ತ ಅತ್ತಳು. ಹುಡುಗಿ ಅವಳನ್ನು ಅಮ್ಮ ಎನ್ನಲಿಲ್ಲ, ಬೇರೇನೂ ಎನ್ನಲಿಲ್ಲ. ಏನಾದರೂ ಬೇಕಾದರೆ ಬಂದು ಏಪ್ರನ್ನಿನ ಅಂಚು ಎಳೆಯುವಳು. ಮಲಗುವಾಗ ಗೋಡೆಗೆ ಮುಖ ಮಾಡುವಳು.

ಮನೆಯಲ್ಲಿ ಬಿಡುವಂತಿಲ್ಲ, ಹೋಟೆಲಿಗೇ ಕರೆತರಬೇಕು. ಮೀನಿನ ತೊಟ್ಟಿಯ ಪಕ್ಕದ ಚಿಕ್ಕ ಮೇಜು ಅವಳದಾಯಿತು. ಮೊದಲ ದಿನ ಸೈಯಿಂಗ್ ಮಗಳಿಗೆಂದೇ ಊರಿನ ರುಚಿಯ ಸಾರು, ಅನ್ನ ತಂದಿಟ್ಟಳು. ಹುಡುಗಿ ಅದನ್ನು ಮೂಸಿಯೂ ನೋಡಲಿಲ್ಲ. ಟ್ರೇಗಳ ಕಡೆ ಬೆರಳು ತೋರಿಸಿ, "ಅಲ್ಲಿಂದ ತಗೋಬಹುದಾ?" ಎಂದಳು.

"ಏನ್ ಬೇಕಾದ್ರೂ ತಗೋ ಕಂದಾ."

"ಎಷ್ಟು ಬೇಕಾದ್ರೂ?"

"ಎಷ್ಟು ಬೇಕಾದ್ರೂ! ಇದು ನಿಮ್ಮಮ್ಮನ ಹೋಟೆಲು!" ಎಂದಳು ಸೈಯಿಂಗ್. ಗಲ್ಲಾದಿಂದ ಮೂದಾನಕ್ಕ, "ಹೌದೌದು, ನಾನು ಇಲ್ಲಿ ಜೀತಕ್ಕಿದೀನಿ" ಎಂದು ಕೂಗಿದಳು.

ಕೆಶಿನ್ ತಿಂದಳು. ಅಬ್ಬಾ, ಎಂಥ ತಿನ್ನುವಿಕೆ! ನೂಡಲ್ಸ್ ಒಂದು ತಟ್ಟೆ, ಕೋಳಿ ಒಂದು ತಟ್ಟೆ, ಪಿಜ್ಜಾ, ಜೆಲ್ಲಿ, ಮತ್ತೆ ನೂಡಲ್ಸ್. ಮರುದಿನವೂ ಹಾಗೆಯೇ, ಅದರ ಮರುದಿನವೂ. ಸೈಯಿಂಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ಸೀಮೆಯಲ್ಲಿ ಒಂದು ನಂಬಿಕೆ: ಹೊಸ ಊರಿನ ಅನ್ನ ಮೈಗೆ ಹತ್ತಿದರೆ ಊರು ಮನಸ್ಸಿಗೆ ಹತ್ತಿದ ಹಾಗೆ. ಬೇರೆಯವರ ಮಕ್ಕಳು ಬಂದ ಹೊಸದರಲ್ಲಿ ಊಟ ಬಿಟ್ಟು, ಜ್ವರ ಬಂದು, ಬಾಗಿಲ ಹಿಂದೆ ಕೂತು ಅತ್ತದ್ದನ್ನು ಅವಳು ಕಂಡಿದ್ದಳು. ತನ್ನ ಮಗಳಿಗೆ ಅಂಥದ್ದೇನೂ ಆಗಲಿಲ್ಲವಲ್ಲ ಎಂದು ದೇವರಿಗೆ ಊದುಬತ್ತಿ ಹಚ್ಚಿದಳು. ಶಾಲೆಗೆ ಇನ್ನೂ ಎರಡು ತಿಂಗಳಿತ್ತು, ಆಗಲೇ ಚೀಲ, ಪೆನ್ಸಿಲ್ ಡಬ್ಬಿ, ಮಳೆಯಂಗಿ ತಂದಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ.

"ನಿನ್ನ ಮಗಳು ನನ್ನ ಗಂಡನ್ನೂ ಮೀರಿಸ್ತಾಳಲ್ಲೇ. ಅವನು ಇದ್ದಿದ್ರೆ ಪಂದ್ಯ ಕಟ್ತಿದ್ದ" ಎಂದಳು ವರ್ನಾ.

ಮಿಂಗ್‌ಹುಯಿ ಮಾತ್ರ ಒಂದು ದಿನ ಬಾಣಲೆ ತೊಳೆಯುತ್ತ, "ಸೈಯಿಂಗ್, ಅವಳು ತಿನ್ನೋವಾಗ ಮುಖ ನೋಡಿದೀಯಾ?" ಎಂದ.

"ಯಾಕೆ? ಮುಖಕ್ಕೇನಾಗಿದೆ?"

"ರುಚಿ ಹತ್ತಿದ ಮುಖ ಅಲ್ಲ ಅದು. ಹೋಂವರ್ಕ್ ಮಾಡೋ ಹಾಗೆ ತಿಂತಾಳೆ."

"ನಿನ್ನ ಅಡುಗೆ ತಿನ್ನೋಕೆ ಕಷ್ಟ ಪಡಲೇಬೇಕಲ್ಲ" ಎಂದು ಅವಳು ನಕ್ಕುಬಿಟ್ಟಳು. ಇಷ್ಟಗಲ ಕಣ್ಣು ಬಿಟ್ಟು ಊರವರ ತಟ್ಟೆಯನ್ನೆಲ್ಲ ಓದುತ್ತಿದ್ದವಳು ಮಗಳ ತಟ್ಟೆಯಲ್ಲಿ ತನಗೆ ಬೇಕಾದ್ದನ್ನು ಮಾತ್ರ ಓದಿದಳು. ತಾಯಂದಿರ ಹಣೆಬರಹವೇ ಅಷ್ಟು.

ಹದಿನೇಳನೆಯ ದಿನ ಗುರುವಾರ. ಗುರುವಾರ ಸಂಜೆ ಬಫೆಯಲ್ಲಿ ಏಡಿ ಕಾಲು ಬೇಯಿಸಿ ಹಾಕುತ್ತಾರೆ. ಊರಿಗೆ ಊರೇ ಬಂದು ಟ್ರೇ ಮುಂದೆ ಇಕ್ಕಳ ಹಿಡಿದು ಕಾಯುತ್ತದೆ. ಸೈಯಿಂಗ್ ಬಿಸಿ ಟ್ರೇ ಎತ್ತಿಕೊಂಡು ಜನರ ನಡುವೆ ಬರುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

"ಅಮ್ಮಾ."

ಅವಳು ತಿರುಗಿ ನೋಡಿದಳು. ಕೆಶಿನ್ ನಿಂತಿದ್ದಳು. ಸ್ವೆಟರು ಹಾಕಿಕೊಂಡು, ಶೂ ಕಟ್ಟಿಕೊಂಡು, ಊರಿಂದ ತಂದ ಪುಟ್ಟ ಚೀಲ ಬೆನ್ನಿಗೇರಿಸಿಕೊಂಡಿದ್ದಳು. ಬಂದ ಮೇಲೆ ಮೊದಲ ಸಲ ನಗುತ್ತಿದ್ದಳು.

ಸೈಯಿಂಗ್ ಟ್ರೇಯನ್ನು ಹತ್ತಿರದ ಮೇಜಿಗೆ ಇಳಿಸಿ ಬಗ್ಗಿದಳು. "ಏನಂದೆ ಕಂದಾ? ಇನ್ನೊಂದ್ ಸಲ ಅನ್ನು."

"ಅಮ್ಮಾ, ನನ್ನ ಹೊಟ್ಟೆ ತುಂಬ್ತು. ಇವತ್ತು ಪೂರ್ತಿ ತುಂಬಿದೆ, ಮುಟ್ಟಿ ನೋಡು. ಈಗ ನನ್ನ ಕಳಿಸು."

"ಎಲ್ಲಿಗೆ?"

"ಮನೆಗೆ! ಅಜ್ಜಿ ಹೇಳಿದ್ಲಲ್ಲ, ಅಮ್ಮನ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ತಿಂದ್ಕೊಂಡು ಬಂದ್ಬಿಡು ಅಂತ. ದಿನಾ ತಿಂದೆ, ಮತ್ತೆ ಬೆಳಿಗ್ಗೆ ಹಸಿವಾಗ್ಬಿಡ್ತಿತ್ತು. ಇವತ್ತು ಆಗಲ್ಲ. ಜಾಸ್ತಿ ತಿಂದಿದೀನಿ. ಅಮ್ಮ ಅಂತ ಕರೆದು ಕೇಳಿದ್ರೆ ಕಳಿಸ್ತಾಳೆ ಅಂತಾನೂ ಹೇಳಿದ್ಲು."

ಅಷ್ಟರಲ್ಲಿ ಹುಡುಗಿಯ ಮುಖ ಬಿಳುಪೇರಿತು. ಎರಡು ಹೆಜ್ಜೆ ಹಿಂದೆ ಸರಿದು, ಮೀನಿನ ತೊಟ್ಟಿಯ ಬುಡದಲ್ಲಿ ತಿಂದದ್ದನ್ನೆಲ್ಲ ಕಕ್ಕಿದಳು. ಇಕ್ಕಳ ಹಿಡಿದವರು ದೂರ ಸರಿದರು. ವರ್ನಾ ಕಾಗದದ ಕರವಸ್ತ್ರ ಹಿಡಿದು ಓಡಿಬಂದಳು. ಕೆಶಿನ್ ನೆಲದ ಮೇಲೆ ಬಿದ್ದದ್ದನ್ನು ನೋಡಿ, ಜಗತ್ತೇ ಮುಳುಗಿದ ಹಾಗೆ ಅತ್ತಳು.

"ಎಲ್ಲಾ ಹೊರಗೆ ಬಂದ್ಬಿಡ್ತು. ಅಮ್ಮಾ, ಎಲ್ಲಾ ಬಂದ್ಬಿಡ್ತು. ಮತ್ತೆ ತಿಂತೀನಿ. ಈಗ್ಲೇ ಮತ್ತೆ ತುಂಬಿಸ್ಕೋತೀನಿ."

ಐದು ವರ್ಷ ಬಾರದ ಮಾತು ಐದು ನಿಮಿಷದಲ್ಲಿ ಅಷ್ಟು ಸಲ ಬಂತು. ಒಂದೊಂದು ಸಲವೂ ಸೈಯಿಂಗಳ ಕರುಳಿಗೆ ಕತ್ತರಿ ಹಾಕಿದ ಹಾಗಾಯಿತು.

ಫುಜೌ ಸೀಮೆಯಲ್ಲಿ ಆಗ ಬೆಳಗಿನ ಏಳು ಗಂಟೆ. ಮಗಳನ್ನು ಮಿಂಗ್‌ಹುಯಿಯ ತೊಡೆಯ ಮೇಲೆ ಮಲಗಿಸಿ ಅವಳು ತಣ್ಣನೆಯ ಕೋಣೆಗೆ ಹೋಗಿ ಅತ್ತೆಗೆ ಫೋನ್ ಮಾಡಿದಳು.

"ಏನು ಹೇಳಿ ಕಳಿಸಿದ್ರಿ ಅತ್ತೆ ಮಗೂಗೆ? ಯಾಕ್ ಹೀಗ್ ಮಾಡಿದ್ರಿ?"

ಅತ್ತೆ, "ನನ್ನ ಬೈಬೇಡ ಕಣೇ. ಮಂಚದ ಕಾಲು ಹಿಡ್ಕೊಂಡು ಬಿಡ್ಲಿಲ್ಲ ಅದು. ಎರಡು ದಿನ ಅತ್ತು ಅತ್ತು ಗಂಟಲು ಕಟ್ತು. ನಿಂಗೆ ಫೋನ್ ಮಾಡಿದ್ರೆ ನೀನೇ ಅಂದೆಯಲ್ಲ, ಏನಾದ್ರೂ ಹೇಳಿ ವಿಮಾನ ಹತ್ತಿಸಿ ಅತ್ತೆ, ಆಮೇಲೆ ನಾನು ನೋಡ್ಕೋತೀನಿ ಅಂತ. ನಂಗೆ ಹೊಳೆದಿದ್ದು ಅದೊಂದೇ ಸುಳ್ಳು. ಎಷ್ಟು ದಿನ ಅಜ್ಜಿ ಅಂತ ಕೇಳ್ತು. ಹೊಟ್ಟೆ ತುಂಬೋ ತನಕ ಅಂದೆ. ಚಿಕ್ಕ ಹೊಟ್ಟೆ, ನಾಲ್ಕು ದಿನಕ್ಕೆ ಮರ್ತುಬಿಡುತ್ತೆ ಅಂದ್ಕೊಂಡೆ" ಎಂದರು. ಮತ್ತೆ, "ಅದಕ್ಕೆ ಜ್ವರ ಇಲ್ಲ ತಾನೆ?" ಎಂದು ಕೇಳಿದರು. ಆಮೇಲೆ ಮುದುಕಿಗೂ ಅಳು ತಡೆಯಲಾಗಲಿಲ್ಲ.

ಹೌದು, ಅಂದಿದ್ದಳು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸೌಟು ಹಿಡಿದು, ಗಿರಾಕಿ ಕಾಯುತ್ತಿದ್ದಾರೆಂಬ ಅವಸರದಲ್ಲಿ ಅಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆಯನ್ನು ಬೈಯಬೇಕೆಂದು ಕೂಡಿಟ್ಟಿದ್ದ ಮಾತುಗಳೆಲ್ಲ ತನ್ನ ಕಡೆಗೇ ತಿರುಗಿ ನಿಂತವು.

ಮರುದಿನ ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಮೂದಾನಕ್ಕ ಉಪಾಯ ಹೇಳಿದಳು. "ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯೇ? ಇನ್ನೂ ತುಂಬಿಲ್ಲ ಪುಟ್ಟಿ, ಕಕ್ಕಿಬಿಟ್ಟೆಯಲ್ಲ ಅನ್ನು. ಸ್ವಲ್ಪ ಸ್ವಲ್ಪ ತಿನ್ನು, ಆಗ ನಿಲ್ಲುತ್ತೆ ಅನ್ನು. ಆಗಸ್ಟಿಗೆ ಸ್ಕೂಲು. ಗೆಳತಿಯರು ಸಿಗ್ತಾರೆ, ಅಜ್ಜಿ ಮರೀತಾಳೆ. ನನ್ನ ಮಗ ಮರೀಲಿಲ್ವಾ?"

"ಮರೆತ್ನಾ ಅಕ್ಕ?"

ಮೂದಾನಕ್ಕನ ಮಗ ಕಾಲೇಜಿಗೆ ಹೋಗಿ ಮೂರು ವರ್ಷ. ಹಬ್ಬಕ್ಕೂ ಬರುವುದಿಲ್ಲ. ಅವಳು ಸೊಪ್ಪಿನ ದಂಟು ಮುರಿದಳು.

ಮಿಂಗ್‌ಹುಯಿ ಬಾಣಲೆಯ ಮುಂದಿನಿಂದಲೇ ಹೇಳಿದ. "ಅಕ್ಕ ಹೇಳೋದು ಸರಿ ಸೈಯಿಂಗ್. ಈಗ ತಾನೇ ಅಮ್ಮ ಅಂದಿದಾಳೆ. ಅದನ್ನ ಕಳ್ಕೋಬೇಡ."

ಕಳೆದುಕೊಳ್ಳುವುದು ಅವಳಿಗೂ ಬೇಕಿರಲಿಲ್ಲ. ರಾತ್ರಿಯೆಲ್ಲ ಆ ಶಬ್ದವನ್ನೇ ಎದೆಗೊತ್ತಿಕೊಂಡು ಮಲಗಿದ್ದಳು. ಒಂದು ಸುಳ್ಳು ಸಾಕಿತ್ತು, ಇನ್ನು ಎರಡು ತಿಂಗಳು ದಿನವೂ ಆ ಮಾತು ಕೇಳಬಹುದಿತ್ತು. ಆದರೆ ಮಗು ದಿನವೂ ಆ ಚಿಕ್ಕ ಹೊಟ್ಟೆಗೆ ತುರುಕಿಕೊಳ್ಳುತ್ತಲೇ ಇರಬೇಕು, ತಾನು ಎದುರಿಗೆ ನಿಂತು ಇನ್ನೂ ಸಾಲದು, ಇನ್ನೂ ಸಾಲದು ಎನ್ನುತ್ತಲೇ ಇರಬೇಕು. ಅಂಥ ತಾಯಿತನ ಅವಳಿಗೆ ಬೇಡವಾಯಿತು.

ಮೂರು ಗಂಟೆಗೆ ಹೋಟೆಲು ಖಾಲಿಯಾಯಿತು. ಕೆಶಿನ್ ಆಗಲೇ ಒಂದು ತಟ್ಟೆ ನೂಡಲ್ಸ್ ಹಾಕಿಕೊಂಡು ತನ್ನ ಮೇಜಿಗೆ ಬಂದು ಕೂತಿದ್ದಳು. ಮುಖ ಬಾಡಿತ್ತು. ಊಟದ ಕಡ್ಡಿಗಳನ್ನು ಹಿಡಿದು, ಶುರುಮಾಡಲು ಧೈರ್ಯ ಸಾಲದೆ ತಟ್ಟೆಯನ್ನೇ ನೋಡುತ್ತಿದ್ದಳು. ಸೈಯಿಂಗ್ ಏಪ್ರನ್ ಬಿಚ್ಚಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ಹನ್ನೆರಡು ವರ್ಷದಲ್ಲಿ ಗಿರಾಕಿಯ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು.

"ತಿನ್ಬೇಡ ಕಂದಾ. ಹಸಿವಿಲ್ದೆ ತಿನ್ಬಾರ್ದು."

"ತುಂಬ್ಬೇಕಲ್ಲ ಅಮ್ಮಾ."

"ತುಂಬಿದ್ರೂ ಹೋಗೋಕಾಗಲ್ಲ."

ಹುಡುಗಿ ತಲೆಯೆತ್ತಿದಳು. "ಇವತ್ತು ತುಂಬಿದ್ರೂ?"

"ಇವತ್ತು ತುಂಬಿದ್ರೂ."

"ನಾಳೆ?"

"ನಾಳೆನೂ ಇಲ್ಲ. ಇನ್ಮೇಲೆ ನೀನು ಇಲ್ಲೇ ಇರೋದು. ನನ್ನ ಜೊತೆ, ಅಪ್ಪನ ಜೊತೆ. ಇಲ್ಲೇ ಸ್ಕೂಲಿಗೆ ಹೋಗೋದು. ಅಜ್ಜಿ ಹತ್ರ ದಿನಾ ಫೋನಲ್ಲಿ ಮಾತಾಡಿಸ್ತೀನಿ. ಅಜ್ಜಿ ಮೇಲೆ ಕೋಪ ಮಾಡ್ಕೋಬೇಡ. ಸುಳ್ಳು ಹೇಳಿಸಿದ್ದು ನಾನು."

"ನೀನಾ?"

"ನಾನೇ. ನಿನ್ನ ನೋಡ್ಬೇಕು ಅಂತ ತುಂಬಾ ಆಸೆಯಾಗಿತ್ತು."

ಹುಡುಗಿ ಕೂಗಾಡುತ್ತಾಳೆ, ತಟ್ಟೆ ಎಸೆಯುತ್ತಾಳೆ ಎಂದು ಸೈಯಿಂಗ್ ಸಿದ್ಧವಾಗಿದ್ದಳು. ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಶಿನ್ ಅಳಲಿಲ್ಲ. ಬಹಳ ಹೊತ್ತು ತಾಯಿಯ ಮುಖವನ್ನು ನೋಡಿದಳು, ಪರಿಚಯವಿಲ್ಲದವರನ್ನು ನೋಡುವ ಹಾಗೆ ಅಡಿಯಿಂದ ಮುಡಿವರೆಗೆ ನೋಡಿದಳು. ಆಮೇಲೆ ಕಡ್ಡಿಗಳನ್ನು ಕೆಳಗಿಟ್ಟು, ಎರಡೂ ಕೈಯಿಂದ ತಟ್ಟೆಯನ್ನು ಮೇಜಿನ ಈಚೆ ತುದಿಗೆ ತಳ್ಳಿದಳು.

"ಇದನ್ನ ತಗೊಂಡ್ ಹೋಗಿ, ಆಂಟಿ" ಎಂದಳು.

ಸೈಯಿಂಗ್ ಎದ್ದು ತಟ್ಟೆ ತೆಗೆದುಕೊಂಡಳು. ಅದರಲ್ಲಿ ಒಂದು ಎಳೆಯನ್ನೂ ಯಾರೂ ಮುಟ್ಟಿರಲಿಲ್ಲ.